ಯೊಪ್ಪದ ವಿಧವೆಯರು ಮತ್ತು ಚಿತ್ರಕಥೆಯ ಓದುಗರು: ಅನಂತ ಪೈ ಅವರ ನಿಧನದ ಶೋಕವನ್ನು ಕುರಿತು

ಅಮರ ಚಿತ್ರ ಕಥೆಯ ಸಂಪಾದಕರಾದ ಅನಂತ ಪೈ ಅವರು 2011ರ ಫೆಬ್ರವರಿ 24ರಂದು ಮುಂಬಯಿಯಲ್ಲಿ ನಿಧನರಾದರು. ಅವರಿಗೆ 81 ವರ್ಷ ವಯಸ್ಸಾಗಿತ್ತು. ಅದಕ್ಕೆ ಐದು ದಿನ ಮೊದಲು ದಿಲ್ಲಿಯಲ್ಲಿ ನಡೆದ ದೇಶದ ಮೊದಲ ಕಾಮಿಕ್ಸ್ ಸಮಾವೇಶದಲ್ಲಿ ಅವರಿಗೆ ಜೀವಮಾನ ಸಾಧನೆಯ ಗೌರವ ಸಂದಿತ್ತು. ಸುದ್ದಿ ಹಬ್ಬಿದಾಗ ನಡುವಯಸ್ಸಿನ ಗಂಡಸರು, ಹೆಂಗಸರು, ಅವರನ್ನು ಒಮ್ಮೆಯೂ ಕಂಡವರಲ್ಲ, ಮನೆಯ ಹಿರಿಯರೊಬ್ಬರು ತೀರಿಕೊಂಡಂತೆ ಮಾತನಾಡಿದರು. ಹೆಚ್ಚಿನವರು ಅವರ ಬದುಕಿನ ಬಗ್ಗೆ ಏನನ್ನೂ ಹೇಳಲಿಲ್ಲ. ತಾವು ಮೊದಲು ಓದಿದ ಪುಸ್ತಕ ಯಾವುದು, ಅದನ್ನು ಕೊಡಿಸಿದವರು ಯಾರು, ಯಾವ ರೈಲಿನಲ್ಲಿ ಯಾವ ರಜೆಯಲ್ಲಿ ಅದನ್ನು ಓದಿದೆವು ಎಂಬುದನ್ನೇ ಹೇಳಿದರು. ಈ ಶೋಕ ಯಾವ ಬಗೆಯದು, ಕ್ರೈಸ್ತ ವಿಚಾರದಲ್ಲಿ ಇದಕ್ಕೆ ಸ್ಥಾನವುಂಟೇ ಎಂಬುದು ಈ ಲೇಖನದ ವಿಷಯ. ಇದು ಬಾಲಿಶವಾದ ಹಂಬಲ, ಕಳೆದುಹೋದ ಬಾಲ್ಯಕ್ಕಾಗಿ ಸುರಿಸಿದ ಕಣ್ಣೀರು ಎಂದು ತಳ್ಳಿಹಾಕುವ ಬೋಧಕರು ನಮ್ಮಲ್ಲಿದ್ದಾರೆ. ಅವರ ಮಾತನ್ನು ನಾನು ಒಪ್ಪುವುದಿಲ್ಲ.

ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಕೇಳುವುದಕ್ಕೆ ಕಾರಣವಿದೆ. ಪೈ ಅವರು 1929ರ ಸೆಪ್ಟೆಂಬರ್ 17ರಂದು ಕಾರ್ಕಳದಲ್ಲಿ ಹುಟ್ಟಿದವರು. ಎಳೆವಯಸ್ಸಿನಲ್ಲೇ ತಂದೆತಾಯಿಯರನ್ನು ಕಳೆದುಕೊಂಡು ಹನ್ನೆರಡನೆಯ ವಯಸ್ಸಿನಲ್ಲಿ ಮುಂಬಯಿ ಸೇರಿದವರು. ಅವರ ಮನೆಮಾತು ಕೊಂಕಣಿ. ಈ ಮೂರು ತಾಲ್ಲೂಕುಗಳ ಪೇಟೆಗಳಲ್ಲಿ ಸಾರಸ್ವತರೂ ಕಥೋಲಿಕರೂ ಖಾರ್ವಿಗಳೂ ಆಡುವುದು ಕೊಂಕಣಿಯನ್ನೇ. ಭಟ್ಕಳದ ನವಾಯತರ ಮಾತೂ ಅದರ ನೆಂಟನೇ. ಇಲ್ಲಿ ಆ ಹೆಸರಿನ ಹಿರಿಯರೊಬ್ಬರನ್ನು ಮಕ್ಕಳು ಕರೆಯುವುದು ‘ಪೈ ಮಾಮ’ ಎಂದು. ‘ಅಂಕಲ್ ಪೈ’ ಎಂಬುದು ಯಾವ ಮನೆಯ ಸಂಬಂಧಸೂಚಕವೂ ಅಲ್ಲದ, ನಗರದ ಪದ. ಆದರೂ ಅದು ಎಲ್ಲ ಜಾತಿಮತಗಳ ಮಕ್ಕಳಿಗೂ ಸಮನಾಗಿ ಒದಗಿತು ಎಂಬುದನ್ನು ಮರೆಯಬಾರದು. ಮಾಮ ಎನ್ನಬೇಕಾದರೆ ಕೇರಿಯೊಳಗೆ ಹುಟ್ಟಿರಬೇಕು. ಅಂಕಲ್ ಎನ್ನುವುದಕ್ಕೆ ಒಂದು ಪತ್ರ ಬರೆದರೆ ಸಾಕಿತ್ತು. 1980ರಲ್ಲಿ ‘ಟಿಂಕಲ್’ ಪ್ರಾರಂಭವಾದ ಮೇಲೆ ಅಂಥ ಪತ್ರಗಳು ರಾಶಿ ರಾಶಿಯಾಗಿ ಬಂದವು.

ಅಮರ ಚಿತ್ರ ಕಥೆಯ ಹುಟ್ಟಿನ ಬಗ್ಗೆ ಪೈ ಅವರು ಹೇಳುತ್ತಿದ್ದ ಕತೆ ಪ್ರಸಿದ್ಧವಾದುದು. 1967ರಲ್ಲಿ ದೂರದರ್ಶನದ ರಸಪ್ರಶ್ನೆಯೊಂದರಲ್ಲಿ ದಿಲ್ಲಿಯ ವಿದ್ಯಾರ್ಥಿಗಳು ಗ್ರೀಕ್ ದೇವತೆಗಳ ವಿಷಯದಲ್ಲಿ ಥಟ್ಟನೆ ಉತ್ತರಿಸಿದರು. ರಾಮನ ತಾಯಿ ಯಾರೆಂಬ ಪ್ರಶ್ನೆಗೆ ಸುಮ್ಮನಾದರು. ಈ ಕತೆ ದಿಲ್ಲಿಗೆ ನಿಜವಿರಬಹುದು. ಗುಣವಂತೆಯ ಅಥವಾ ಇಡಗುಂಜಿಯ ಮಗುವಿಗೆ ಆ ಪ್ರಶ್ನೆಯನ್ನು ಕೇಳಿದ್ದರೆ ಅದು ಕೌಸಲ್ಯೆಯ ಹೆಸರಿಗೆ ನಿಲ್ಲದೆ, ಕೈಕೇಯಿಯ ಪಕ್ಷವನ್ನು ವಹಿಸಿ ಅರ್ಥವನ್ನೂ ಹೇಳುತ್ತಿತ್ತು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳವನ್ನು ಕಟ್ಟಿದ ಸೀಮೆಯಿದು. ಪುರಾಣ ಮರೆತುಹೋಗಿದೆ ಎಂಬ ಆತಂಕದಿಂದ ಹುಟ್ಟಿದ ಪುಸ್ತಕಮಾಲೆ, ಪುರಾಣವು ರಾತ್ರಿಯಿಡೀ ಕುಣಿಯುವ ಊರಿಗೆ ಬಂದು ಏನನ್ನು ಕೊಟ್ಟಿತು? ಈ ಮಾಲೆಯ ಮೊದಲ ಹತ್ತು ಪುಸ್ತಕಗಳು ಕನ್ನಡದವು. ಬೆಂಗಳೂರಿನ ಪುಸ್ತಕ ವ್ಯಾಪಾರಿ ಜಿ.ಕೆ. ಅನಂತರಾಮ್ ಅವರ ಸಲಹೆಯಿಂದ 1965ರ ಸುಮಾರಿಗೆ ಅವು ಬಂದುದರಿಂದಲೇ ಇಂಗ್ಲಿಷಿನ ‘ಕೃಷ್ಣ’ಕ್ಕೆ ಹನ್ನೊಂದನೆಯ ಸಂಖ್ಯೆ ಬಿತ್ತು. ಹಾಗಿದ್ದೂ ಕರಾವಳಿಯ ಕನ್ನಡ ಮಗುವಿಗೆ ಇದು ಎರಡನೆಯ ಗುರುವೇ ಹೊರತು ಮೊದಲನೆಯದಲ್ಲ.

ನನ್ನ ಉತ್ತರ ಇಷ್ಟು. ಬಯಲಾಟ ಕೊಡದಿದ್ದ ಎರಡನ್ನು ಈ ಪುಸ್ತಕಗಳು ಕೊಟ್ಟವು. ಒಂದು, ಏಕಾಂತ. ಆಟದಲ್ಲಿ ವೇಷ ಬಂದು ಹೋಗುತ್ತದೆ. ಪುಟದಲ್ಲಿ ಅದು ನಿಲ್ಲುತ್ತದೆ, ಮಗು ಬೆರಳಿಟ್ಟು ಮತ್ತೆ ಮತ್ತೆ ನೋಡಬಹುದು. ಇನ್ನೊಂದು, ನೆರೆಮನೆಯ ಕತೆಗೆ ಹಗಲಿನ ಪ್ರವೇಶ. ಕಥೋಲಿಕ ಮನೆಗಳಿಂದ ಆಟಕ್ಕೆ ಹೋಗುವವರು ಇರಲಿಲ್ಲವೆಂದಲ್ಲ. ಆದರೆ ದೇವಸ್ಥಾನದ ಎದುರಿನ ಗದ್ದೆಯಲ್ಲಿ ರಾತ್ರಿ ಕಳೆಯುವುದಕ್ಕೆ ಎಲ್ಲ ಮನೆಗಳಲ್ಲೂ ಅಪ್ಪಣೆ ಸಿಗುತ್ತಿರಲಿಲ್ಲ. ಮೂವತ್ತೆರಡು ಪುಟದ ಪುಸ್ತಕಕ್ಕೆ ಅಪ್ಪಣೆ ಬೇಕಾಗಿರಲಿಲ್ಲ. ಅದು ಶಾಲೆಯ ಚೀಲದಿಂದ ಚೀಲಕ್ಕೆ ದಾಟುತ್ತಿತ್ತು. ಕರ್ಣನನ್ನು ಹೀಗೆ ಎರವಲು ಪಡೆದು ಬಲ್ಲ ಕ್ರೈಸ್ತರೂ ಮುಸಲ್ಮಾನರೂ ಈ ಊರುಗಳಲ್ಲಿದ್ದಾರೆ. ಅವರ ಶೋಕದಲ್ಲಿ ಆ ಸಾಲದ ನೆನಪೂ ಸೇರಿದೆ. 1993ರಲ್ಲಿ ಭಟ್ಕಳ ಗಲಭೆಯ ಬೆಂಕಿಯಲ್ಲಿ ಬೆಂದುದನ್ನು ಬಲ್ಲವರಿಗೆ ಇಂಥ ಎರವಲು ಎಷ್ಟು ಬೆಲೆಯದೆಂದು ವಿವರಿಸಬೇಕಾಗಿಲ್ಲ.

ಇಲ್ಲಿ ಸಂತ ಅಗಸ್ಟೀನರ ಆಕ್ಷೇಪಣೆಯನ್ನು ಎದುರಿಸಬೇಕು. ತಮ್ಮ ‘ಅರಿಕೆಗಳು’ ಗ್ರಂಥದ ಮೊದಲ ಭಾಗದಲ್ಲಿ ಅವರು, ಬಾಲಕನಾಗಿದ್ದಾಗ ವರ್ಜಿಲನ ಕಾವ್ಯದ ಡೈಡೋ ಸತ್ತುದಕ್ಕಾಗಿ ಅತ್ತುದನ್ನು ನೆನೆದು, ದೇವರಿಂದ ದೂರವಾಗಿ ಸಾಯುತ್ತಿದ್ದ ತನ್ನ ಆತ್ಮಕ್ಕಾಗಿ ಒಂದು ಹನಿಯನ್ನೂ ಸುರಿಸದವನು ಕಲ್ಪಿತ ರಾಣಿಯೊಬ್ಬಳಿಗಾಗಿ ಅತ್ತೆನಲ್ಲಾ ಎಂದು ಹಳಿದುಕೊಳ್ಳುತ್ತಾರೆ. ಕಥಾಪ್ರಿಯರ ಕಣ್ಣೀರನ್ನು ಶಂಕಿಸುವ ನಮ್ಮ ಬೋಧಕರೆಲ್ಲ ತಿಳಿದೋ ತಿಳಿಯದೆಯೋ ಈ ಮಾತನ್ನೇ ಆಶ್ರಯಿಸುತ್ತಾರೆ. ಆದರೆ ಅದೇ ಗ್ರಂಥದ ನಾಲ್ಕನೆಯ ಭಾಗದಲ್ಲಿ ಗೆಳೆಯನ ಸಾವು, ಒಂಬತ್ತನೆಯದರಲ್ಲಿ ತಾಯಿ ಮೋನಿಕಳ ಸಾವು ಬರುತ್ತವೆ. ತಾಯಿಗಾಗಿ ತಡೆಹಿಡಿದ ಕಣ್ಣೀರನ್ನು ಅವರು ಕೊನೆಗೆ ಹರಿಯಬಿಡುತ್ತಾರೆ, ಅದಕ್ಕಾಗಿ ನಗುವವನು ನಗಲಿ ಎಂಬ ಧಾಟಿಯಲ್ಲಿ. ಡೈಡೋಗಾಗಿ ಅಳುವುದು ಬೇರೆ, ಡೈಡೋವಿನ ಕತೆಯನ್ನು ತನಗೆ ಹೇಳಿದವನು ಸತ್ತಾಗ ಅಳುವುದು ಬೇರೆ. ಮೊದಲನೆಯದು ಪಾತ್ರಕ್ಕೆ ಸಲ್ಲುತ್ತದೆ, ಎರಡನೆಯದು ಋಣಕ್ಕೆ. ಪೈ ಅವರ ಓದುಗರು ಅತ್ತುದು ಸುಪ್ಪಂಡಿಗಾಗಿ ಅಲ್ಲ, ಸುಪ್ಪಂಡಿ ಸತ್ತಿರಲಿಲ್ಲ.

ಈ ಎರಡನೆಯ ಬಗೆಯ ಶೋಕಕ್ಕೆ ಪವಿತ್ರ ಗ್ರಂಥದಲ್ಲಿ ಒಂದು ಚಿತ್ರವಿದೆ. ಪ್ರೇಷಿತರ ಕಾರ್ಯಕಲಾಪಗಳ ಒಂಬತ್ತನೆಯ ಅಧ್ಯಾಯದಲ್ಲಿ ಯೊಪ್ಪವೆಂಬ ಕಡಲ ಪಟ್ಟಣದಲ್ಲಿ ತಬಿಥಾ ಸಾಯುತ್ತಾಳೆ. ಪೇತ್ರನು ಬಂದಾಗ ಮಾಳಿಗೆಯ ಕೋಣೆಯಲ್ಲಿ ನೆರೆದಿದ್ದ ವಿಧವೆಯರು ಅಳುತ್ತ, ಆಕೆ ಬದುಕಿದ್ದಾಗ ಮಾಡಿಕೊಟ್ಟ ಅಂಗಿಗಳನ್ನೂ ಉಡುಪುಗಳನ್ನೂ ಅವನಿಗೆ ತೋರಿಸುತ್ತಾರೆ. ಅವರು ಆಕೆಯ ಗುಣಗಾನ ಮಾಡಿದರೆಂದು ಲೂಕನು ಬರೆಯುವುದಿಲ್ಲ; ತೋರಿಸಿದರು ಎನ್ನುತ್ತಾನೆ. ಹೊಲಿದ ಬಟ್ಟೆಯೇ ಅವರ ಶೋಕದ ಮಾತು. ಹಳೆಯ ಸಂಚಿಕೆಗಳನ್ನು ಅಟ್ಟದ ಪೆಟ್ಟಿಗೆಯಿಂದ ತೆಗೆದು, ಗೆದ್ದಲು ತಿಂದ ಅಂಚನ್ನು ಒರೆಸಿ, ಇದು ನೋಡಿ ಎಂದು ತೋರಿಸುವ ಓದುಗನೂ ಮಾಡುವುದು ಅದನ್ನೇ. ಪೇತ್ರನು ಆ ಬಟ್ಟೆಗಳನ್ನು ಕ್ಷುಲ್ಲಕವೆಂದು ಬದಿಗೆ ಸರಿಸಲಿಲ್ಲ. ಸಂತ ಪೌಲನು ಥೆಸಲೋನಿಯದವರಿಗೆ ನಿಷೇಧಿಸುವುದು ಕೂಡ ನಿರೀಕ್ಷೆಯಿಲ್ಲದವರ ದುಃಖವನ್ನು, ದುಃಖವನ್ನೇ ಅಲ್ಲ.

ಹೀಗೆಂದ ಮೇಲೆ ತೋರಿಸುತ್ತಿರುವ ಬಟ್ಟೆಯನ್ನು ನಾವು ಹಿಡಿದು ನೋಡಲೂ ಬೇಕು. ವಿಮರ್ಶೆಯನ್ನು ಸೂತಕ ಕಳೆದ ಮೇಲೆ ಮಾಡೋಣವೆಂದು ಮುಂದೂಡುವ ಪದ್ಧತಿ ಸೌಜನ್ಯದ್ದು, ಆದರೆ ಸೂತಕ ಎಂದೂ ಕಳೆಯುವುದಿಲ್ಲ. ಅಮರ ಚಿತ್ರ ಕಥೆಯಲ್ಲಿ ದೇವತೆಗಳು ಬಿಳಿಯರು ಅಥವಾ ನೀಲಿಯವರು, ಅಸುರರು ಕಪ್ಪು, ಕಂದು, ದಪ್ಪ ಹಲ್ಲಿನವರು. ಬಣ್ಣವೇ ತೀರ್ಪು ನೀಡುತ್ತದೆ. ಯಕ್ಷಗಾನದಲ್ಲಿ ಬಣ್ಣದ ವೇಷಕ್ಕೂ ಭೀಕರ ಮುಖವಿದೆ. ಆದರೆ ಅದಕ್ಕೆ ಬಾಯಿಯೂ ಇದೆ. ರಾವಣನು ರಂಗಸ್ಥಳದಲ್ಲಿ ಅರ್ಧ ಗಂಟೆ ತನ್ನ ಪಕ್ಷವನ್ನು ಮಂಡಿಸಬಲ್ಲ, ಪ್ರೇಕ್ಷಕರನ್ನು ಗೆಲ್ಲಲೂ ಬಲ್ಲ. ಚೌಕಟ್ಟಿನೊಳಗಿನ ರಾವಣನಿಗೆ ಸಿಗುವುದು ಒಂದು ಬಲೂನಿನಷ್ಟು ಮಾತು. ಮಾತಿಲ್ಲದ ಖಳನನ್ನು ಕಂಡು ಬೆಳೆದ ಮಗು ಎದುರು ಕೇರಿಯವನನ್ನು ಯಾವ ಕಣ್ಣಿನಿಂದ ನೋಡುತ್ತದೆ ಎಂಬುದು ಸಣ್ಣ ಪ್ರಶ್ನೆಯಲ್ಲ. ಸ್ತ್ರೀಯರ ಚಿತ್ರಣದ ಬಗ್ಗೆ, ಪತಿವ್ರತೆಯರ ಆಯ್ಕೆಯ ಬಗ್ಗೆ ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಅದನ್ನು ಇಲ್ಲಿ ಮತ್ತೆ ಹೇಳಬೇಕಿಲ್ಲ.

ನಮಗೆ ಹತ್ತಿರದ ಪ್ರಶ್ನೆ ಬೇರೆ. ಈ ಮಾಲೆಯಲ್ಲಿ ಅಕ್ಬರನಿದ್ದಾನೆ, ಬೀರಬಲನಿದ್ದಾನೆ, ಯೇಸುಸ್ವಾಮಿಯ ಪುಸ್ತಕವೂ ಇದೆ. ಯೇಸುವಿಗೆ ಅಲ್ಲಿ ಸ್ಥಾನ ಸಿಕ್ಕಿದ್ದಕ್ಕೆ ಸಂತೋಷಪಟ್ಟ ಕ್ರೈಸ್ತ ಓದುಗರನ್ನು ನಾನು ಬಲ್ಲೆ. ನನಗೂ ಅದು ಸಂತೋಷವೇ. ಆದರೆ ಸಾಲು ಸಾಲಾದ ಮಹಾಪುರುಷರ ಕಪಾಟಿನಲ್ಲಿ ಒಬ್ಬನಾಗಿ ನಿಂತವನು ಶಿಲುಬೆಯ ಮೇಲೆ ಸೋತವನೆಂಬುದನ್ನು ಆ ಕಪಾಟು ಹೇಗೆ ತಾಳುತ್ತದೆ? ವೀರಗಾಥೆಯ ಚೌಕಟ್ಟು ಗೆಲುವಿನತ್ತ ಓಡುವಂಥದು. ಪವಿತ್ರ ಶನಿವಾರಕ್ಕೆ, ಏನೂ ನಡೆಯದ ಆ ದಿನಕ್ಕೆ, ಅದರಲ್ಲಿ ಜಾಗವಿಲ್ಲ. ಇದನ್ನು ಪೈ ಅವರ ದೋಷವೆನ್ನಲಾರೆ. ಪ್ರಕಾರದ ಮಿತಿಯಿದು, ನಮ್ಮ ಧರ್ಮೋಪದೇಶದ ಪುಸ್ತಕಗಳಿಗೂ ಇರುವ ಮಿತಿ.

ಇಂಥ ಕೆಲಸವನ್ನು ಚರ್ಚ್ ಹಿಂದೆ ಮಾಡಿಲ್ಲವೆಂದೂ ಅಲ್ಲ. ಯೇಸುಸಭೆಯ ಥಾಮಸ್ ಸ್ಟೀಫನ್ಸರು ಗೋವೆಯಲ್ಲಿ ಓವಿಯ ಛಂದಸ್ಸಿನಲ್ಲಿ ರಚಿಸಿ 1616ರಲ್ಲಿ ಅಚ್ಚು ಹಾಕಿಸಿದ ‘ಕ್ರಿಸ್ತಪುರಾಣ’ದ ಹಿನ್ನೆಲೆಯೇನು? ತಮ್ಮ ಪುರಾಣಗಳನ್ನು ಬಿಟ್ಟುಬಂದ ಹೊಸ ಕ್ರೈಸ್ತರು, ಅವುಗಳ ಬದಲಿಗೆ ನಮಗೆ ಹಾಡಲು ಏನಿದೆ ಎಂದು ಕೇಳಿದ್ದು. ಗೋವೆಯಿಂದ ಕೆನರಾಕ್ಕೆ ವಲಸೆ ಬಂದ ಕುಟುಂಬಗಳು ಅದನ್ನು ಹಸ್ತಪ್ರತಿಗಳಲ್ಲಿ ಕಾಪಾಡಿಕೊಂಡವು. 1907ರಲ್ಲಿ ಅದು ಮಂಗಳೂರಿನಲ್ಲಿ ಮತ್ತೆ ಅಚ್ಚಾಯಿತು. ಮಕ್ಕಳಿಗೆ ಕತೆಯಿಲ್ಲವೆಂದು ಮರುಗಿದ ಇಬ್ಬರು, ಮುನ್ನೂರೈವತ್ತು ವರ್ಷಗಳ ಅಂತರದಲ್ಲಿ, ಒಂದೇ ಕರಾವಳಿಯ ಮಾತಿನವರು. ಸ್ಟೀಫನ್ಸರಂತೂ ಇಂಗ್ಲೆಂಡಿನಿಂದ ಬಂದು ಆ ಮಾತನ್ನು ಕಲಿತವರು.

ಶೋಕದ ಬಗ್ಗೆ ನನಗಿರುವ ನಿಜವಾದ ತಕರಾರು ಬೇರೊಂದು ಕಡೆಯಿದೆ. ‘ಕೃಷ್ಣ’ವನ್ನು ಬರೆದ ಕೈ ರಾಮ್ ವಾಯಿರ್ಕರ್ ಅವರದು, ಸುಪ್ಪಂಡಿಯ ಮುಖವೂ ಅವರದೇ. ಶಿಕಾರಿ ಶಂಭುವನ್ನು ರೂಪಿಸಿದವರು ಲೂಯಿಸ್ ಫರ್ನಾಂಡಿಸ್ ಮತ್ತು ವಸಂತ ಹಳಬೆ. ಪ್ರತಾಪ್ ಮುಳೀಕ್, ಯೂಸುಫ್ ಲೀನ್, ದಿಲೀಪ್ ಕದಂ, ಬರಹಗಾರ್ತಿ ಕಮಲಾ ಚಂದ್ರಕಾಂತ್: ಇವರ ಹೆಸರು ಎಷ್ಟು ಓದುಗರಿಗೆ ಗೊತ್ತು? ಹಿಂದೂ, ಮುಸಲ್ಮಾನ, ಕ್ರೈಸ್ತ ಹೆಸರುಗಳು ಕೂಡಿ ಮಾಡಿದ ಕೆಲಸದ ಶೋಕ ಒಂದೇ ಮುಖದ ಸುತ್ತ ಕೂಡಿತು. ನಮ್ಮ ಈ ತಾಲ್ಲೂಕುಗಳಿಗೆ ಇದಕ್ಕಿಂತ ಒಳ್ಳೆಯ ರೂಢಿ ಗೊತ್ತಿದೆ. ಕೆರೆಮನೆ ಶಂಭು ಹೆಗಡೆಯವರು ಇಡಗುಂಜಿಯ ರಂಗಸ್ಥಳದಿಂದ ನೇರವಾಗಿ ಸಾವಿನತ್ತ ನಡೆದಂತೆ 2009ರ ಫೆಬ್ರವರಿ 3ರಂದು ತೀರಿಕೊಂಡಾಗ, 2017ರ ಅಕ್ಟೋಬರ್ 3ರಂದು ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಗತಿಸಿದಾಗ, ಅವರನ್ನು ನೆನೆದವರು ಯಾವ ಭಾಗವತರ ಪದಕ್ಕೆ, ಯಾರ ಮದ್ದಳೆಗೆ, ಯಾರ ಚೆಂಡೆಗೆ ಅವರು ಕುಣಿದರೆಂಬುದನ್ನು ಬಿಡಿಸಿ ಹೇಳಬಲ್ಲವರು. ನುಡಿನಮನವೆಂದರೆ ಅಲ್ಲಿ ಹಿಮ್ಮೇಳಕ್ಕೂ ಸಲ್ಲುವ ಮಾತು. ದೇಹವೊಂದೇ, ಅಂಗಗಳು ಹಲವು ಎಂದು ಕೊರಿಂಥದವರಿಗೆ ತಿಳಿಹೇಳಿದ ಪೌಲನ ಶಿಷ್ಯರಿಗೆ ಇದು ಹೊಸದಾಗಬಾರದು.

ಡಿಸೆಂಬರ್ 3ರಂದು ಕುಮಟಾ, ಹೊನ್ನಾವರಗಳ ನಡುವಿನ ಚಂದಾವರದಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ಹಬ್ಬಕ್ಕೆ ಎಲ್ಲ ಮತದವರೂ ಬರುತ್ತಾರೆ. ಅವರ ಹರಕೆಯನ್ನು ನಾವು ಸಂಕೋಚವಿಲ್ಲದೆ ಸ್ವೀಕರಿಸುತ್ತೇವೆ. ನವೆಂಬರ್ 2ರಂದು, ಮೃತರೆಲ್ಲರ ಸ್ಮರಣೆಯ ದಿನ, ನಮ್ಮ ಮಕ್ಕಳಿಗೆ ಕತೆ ಹೇಳಿದ ನೆರೆಯವನ ಹೆಸರನ್ನು ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಸೇರಿಸಬಹುದೇ ಎಂದು ಯಾರಾದರೂ ಕೇಳಿದರೆ ಗುರುಗಳು ಏನೆನ್ನಬೇಕು? ಬಲಿಪೂಜೆಯ ನಾಲ್ಕನೆಯ ಪರಮಪ್ರಸಾದ ಪ್ರಾರ್ಥನೆ, ದೇವರಿಗಷ್ಟೇ ಗೊತ್ತಿರುವ ವಿಶ್ವಾಸದೊಡನೆ ಅಗಲಿದವರನ್ನೂ ನೆನೆಯುತ್ತದೆ. ಸೇರಿಸಬಹುದು ಎಂದೇ ನನ್ನ ಅಭಿಪ್ರಾಯ. ಹೆಸರಿನ ಜೊತೆಗೆ ವಾಯಿರ್ಕರ್ ಅವರ ಹೆಸರೂ ಇರಲಿ.