ಶಿವನ ಕೈಯಲ್ಲಿ ಪಾರ್ವತಿಯ ಸರ

ಹುಲಿಚರ್ಮದ ಮೇಲೆ ಶಿವ, ಪಾರ್ವತಿ ಕೂತಿದ್ದಾರೆ. ನಡುವೆ ಪಗಡೆಹಾಸು. ಪಾರ್ವತಿಯ ಸರ ಆಗಲೇ ಶಿವನ ಕೈಸೇರಿದೆ. ಮೋಸದ ಗೆಲುವು ಅದು. ಸರ ಕೊಡು ಎಂದು ಅವಳು ಕೈ ಚಾಚಿದ್ದಾಳೆ. ಬಸೋಹ್ಲಿಯ ರಾಜ ಕಿರ್ಪಾಲ್ ಪಾಲನಿಗಾಗಿ ನೂರ್‌ಪುರದ ದೇವಿದಾಸ 1694–95ರಲ್ಲಿ ಬರೆದ ‘ರಸಮಂಜರಿ’ ಚಿತ್ರಮಾಲಿಕೆಯ ಹಾಳೆಯಿದು. ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಭಾನುದತ್ತನ ಮೂಲ ಕೃತಿ ನಾಯಕ ನಾಯಿಕೆಯರನ್ನು ಬಗೆಬಗೆಯಾಗಿ ವಿಂಗಡಿಸುವ ಸಂಸ್ಕೃತ ಗ್ರಂಥ. ಅಂಥ ಶಾಸ್ತ್ರದ ಪುಟಕ್ಕೆ ದೇವಿದಾಸ ಗಂಡ ಹೆಂಡಿರ ಜಗಳವನ್ನು ತಂದಿಟ್ಟ.

ಅರಮನೆಯ ವಿರಾಮವನ್ನು ತೋರಿಸುವ ಕಿರುಚಿತ್ರಗಳಿಗೆ ಬರವಿಲ್ಲ. 18ನೇ ಶತಮಾನದ ಮೊಗಲ್, ಅವಧ್ ಚಿತ್ರಗಳಲ್ಲಿ ಬಿಳಿ ತಾರಸಿ, ಒರಗುದಿಂಬು, ಹುಕ್ಕಾ, ಪಗಡೆಯಾಡುವ ಹೆಂಗಸರು ಮತ್ತೆ ಮತ್ತೆ ಬರುತ್ತಾರೆ. ಕುಸುರಿ ಮೆಚ್ಚತಕ್ಕದ್ದೇ. ಆದರೆ ಎಷ್ಟೋ ಚಿತ್ರಗಳಲ್ಲಿ ಯಾರು ಸೋಲುತ್ತಿದ್ದಾರೆ ಎಂಬ ಸುಳಿವೇ ಸಿಗುವುದಿಲ್ಲ. ಹಾಸನ್ನು ಎತ್ತಿ ವೀಣೆ ಇಟ್ಟರೂ ಅವು ಬದಲಾಗವು. ಅಲ್ಲಿ ಆಟ ಸಿರಿವಂತಿಕೆಯ ಗುರುತು ಮಾತ್ರ.

ದೇವಿದಾಸನ ಚಿತ್ರದಿಂದ ಹಾಸನ್ನು ಕಿತ್ತರೆ ಏನೂ ಉಳಿಯದು. ಕೂತವರನ್ನು ಅವನು ಪಕ್ಕದಿಂದ ನೋಡುತ್ತಾನೆ, ಹಾಸನ್ನು ಮೇಲಿನಿಂದ. ಕಿರುಚಿತ್ರಕಾರರಿಗೆಲ್ಲ ಇದು ರೂಢಿಯ ಮಾತು. ಇಲ್ಲಿ ಮಾತ್ರ ಅದರಿಂದ ದೊಡ್ಡ ಕೆಲಸವಾಗಿದೆ. ಕೂಡಿಸುಗುರುತಿನಂಥ ಹಾಸು ನಮ್ಮ ಕಣ್ಣಿಗೆ ಪೂರ್ತಿ ತೆರೆದುಕೊಂಡು, ನಾವೂ ಪಂಚಾಯ್ತಿಗೆ ಕೂತವರಾಗುತ್ತೇವೆ. ಆದರೂ ಕಣ್ಣು ಕಾಯಿಗಳ ಮೇಲೆ ನಿಲ್ಲದೆ ಆ ಎರಡು ಕೈಗಳತ್ತ ಓಡುತ್ತದೆ: ಸರ ಹಿಡಿದ ಕೈ, ಬೇಡದೆ ಕೇಳುವ ಕೈ. ದೇವಿಗೆ ಇಲ್ಲಿ ಅಳುಕಿಲ್ಲ. ಪಕ್ಕದಲ್ಲಿರುವವನು ಜಗದೊಡೆಯನೆಂಬ ಮುಲಾಜೂ ಇಲ್ಲ. ಈ ಧೈರ್ಯವೇ ನನಗೆ ಚಿತ್ರದ ಜೀವಾಳವೆನ್ನಿಸುತ್ತದೆ.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ದಾರಿ ಬೇರೆ. ಅವರ ‘ಶ್ರೀತತ್ತ್ವನಿಧಿ’ ಗ್ರಂಥದ ಕೌತುಕನಿಧಿ ಎಂಬ ಭಾಗದಲ್ಲಿ ಆಟವೇ ಅಧ್ಯಯನದ ವಸ್ತು. ಚದುರಂಗದ ಕುದುರೆ ಒಂದು ಮನೆಯನ್ನೂ ಎರಡು ಸಲ ತುಳಿಯದೆ ಪಟವನ್ನೆಲ್ಲ ಸುತ್ತಿಬರುವ ಲೆಕ್ಕ ಆ ದೊರೆಗೆ ಬಲು ಇಷ್ಟ. ಆಟದ ಬುದ್ಧಿಯನ್ನು ಅರಿಯಲು ನಾನು ಮೈಸೂರಿನ ಪುಟಗಳಿಗೇ ಹೋಗುತ್ತೇನೆ. ಆಡುವವರ ಹಟ, ಸಲಿಗೆ, ಸಿಟ್ಟು ಬೇಕಾದಾಗ ಮಾತ್ರ ದೇವಿದಾಸನನ್ನು ಮೀರಿಸಿದವರು ನನಗೆ ಕಂಡಿಲ್ಲ.