ಹಳೆಯ ಹಾಡು ಯಾವುದು?

ಆಲೂರಿನ ಅಡುಗೆಮನೆಯಲ್ಲಿ ಒಗ್ಗರಣೆಯ ಸದ್ದಿನ ಜೊತೆ ಹಾಸನ ಆಕಾಶವಾಣಿಯೂ ಕೇಳಿಸುತ್ತದೆ. 'ಹಳೆಯ ಹಾಡು' ಎಂದೊಡನೆ ನಾವು ಕಾಯುವುದು ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿಯವರ ದನಿಗೆ. ನನಗೂ ಅವು ಇಷ್ಟವೇ. ಆದರೆ ಸಿನಿಮಾ ಹಾಡಿಗೆ ಬಾನುಲಿಯಲ್ಲಿ ಈ ಮನ್ನಣೆ ಸುಮ್ಮನೆ ದಕ್ಕಿದ್ದಲ್ಲ. 1952ರಲ್ಲಿ ಕೇಂದ್ರ ಸಚಿವರಾದ ಬಿ.ವಿ. ಕೇಸ್ಕರ್ ಅವರಿಗೆ ಅದು ಕೀಳು ಅಭಿರುಚಿಯಾಗಿ ಕಂಡಿತು. ಆಕಾಶವಾಣಿಯಲ್ಲಿ ಅದರ ದನಿ ಅಡಗಿತು. ಕೇಳುಗರು ಜಗಳಕ್ಕೆ ನಿಲ್ಲಲಿಲ್ಲ. ಗುಂಡಿ ತಿರುಗಿಸಿ ರೇಡಿಯೋ ಸಿಲೋನ್ ಹಿಡಿದರು. 1957ರಲ್ಲಿ ವಿವಿಧ ಭಾರತಿ ಹುಟ್ಟಿತು, ಹೊರಗಿದ್ದ ಹಾಡು ಒಳಗೆ ಬಂತು.

ಅಂದಮೇಲೆ ಯಾವ ಹಾಡು ಉಳಿಯಬೇಕೆಂದು ತೀರ್ಮಾನಿಸುವವರು ಕೇಳುವವರೇ. ಹಾಗಿದ್ದರೆ 'ಹಳೆಯದು' ಎಂಬುದು ಸಿನಿಮಾದಿಂದಲೇ ಏಕೆ ಶುರುವಾಗಬೇಕು? ಹಸೆಮಣೆಗೆ ಕರೆಯುವಾಗ ನಮ್ಮ ಅಜ್ಜಿಯರು ಹೇಳುತ್ತಿದ್ದ ಸೋಬಾನೆ ಪದ ಅದಕ್ಕಿಂತ ಹಳೆಯದು. ಜನಪದ ಗೀತೆಯ ಹೊತ್ತಿನಲ್ಲಿ ಅದಕ್ಕೂ ಜಾಗವುಂಟು, ನಿಜ. ಆದರೆ ಮೆಚ್ಚಿನ ಹಾಡು ಯಾವುದೆಂದು ಕೇಳಿದರೆ ಅದರ ಹೆಸರು ಹೇಳುವವರು ಅಪರೂಪ. ಬಾನುಲಿಗೆ ಊರಿನ ಗುರುತು ಬರುವುದು ಊರಿನ ದನಿಯಿಂದ. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ತೆರೆದ ಪುಟ್ಟ ಕೇಂದ್ರವೇ ಮುಂದೆ ದೇಶಕ್ಕೆಲ್ಲ 'ಆಕಾಶವಾಣಿ' ಎಂಬ ಹೆಸರು ಕೊಟ್ಟಿತು.

ಮುಂದಿನ ಬಾರಿ ಮೆಚ್ಚಿನ ಹಾಡು ಕೇಳುವಾಗ ಒಂದು ಸೋಬಾನೆಯನ್ನೂ ಕೇಳೋಣ.