ಬೆನ್‌ಹರ್: ಮೊದಲ ಸಲ ನೋಡುವವರಿಗೆ

ಪ್ರಾಚೀನ ರೋಮ್‌ ಕಾಲದ ಮಹಾಚಿತ್ರಗಳ ರುಚಿ ಹತ್ತಬೇಕೆಂದರೆ 1959ರ ‘ಬೆನ್‌ಹರ್’ನಿಂದ ಶುರುಮಾಡಬೇಕು. ವಿಲಿಯಂ ವೈಲರ್ ನಿರ್ದೇಶನದ, 11 ಆಸ್ಕರ್ ಗೆದ್ದ ಚಿತ್ರ. ಮೂರೂವರೆ ಗಂಟೆ ಎಂದು ಕೇಳಿ ಹಿಂಜರಿಯುವವರು ರಥಗಳ ಓಟವೊಂದನ್ನೇ ನೋಡಿ ಎದ್ದುಬಿಡುತ್ತಾರೆ. ಹಾಗೆ ನೋಡಿದರೂ ಸರಿ, ಆಗ ಕಿವಿಯನ್ನು ಚುರುಕಾಗಿಟ್ಟುಕೊಳ್ಳಬೇಕು.

ಸುಮಾರು ಒಂಬತ್ತು ನಿಮಿಷದ ಆ ಓಟಕ್ಕೆ ಹಿನ್ನೆಲೆ ಸಂಗೀತವೇ ಇಲ್ಲ. ರಥಗಳು ಮೆರವಣಿಗೆ ಹೊರಟಾಗ ಸಂಗೀತ ನಿರ್ದೇಶಕ ಮಿಕ್ಲೋಶ್ ರೋಜಾ ಅವರ ತುತ್ತೂರಿಗಳು ಮೊಳಗುತ್ತವೆ. ಓಟ ಶುರುವಾದದ್ದೇ ತಡ, ಎಲ್ಲ ನಿಂತುಹೋಗುತ್ತದೆ. ಉಳಿಯುವುದು ಗೊರಸಿನ ಸದ್ದು, ಚಾಟಿಯೇಟು, ಗಾಲಿಗೆ ಗಾಲಿ ಉಜ್ಜುವ ಕರಕರ, ಜನರ ಬೊಬ್ಬೆ. ಎಲ್ಲಿ ಹೆದರಬೇಕೆಂದು ಸಂಗೀತ ಹೇಳಿಕೊಡುವುದಿಲ್ಲವಾದ್ದರಿಂದ ನೋಡುವವರು ತಾವಾಗಿಯೇ ಹೆದರುತ್ತಾರೆ.

ಓಟದ ಅಖಾಡವನ್ನು ರೋಮ್‌ನ ಚಿನೆಚಿತ್ತಾ ಸ್ಟುಡಿಯೋದಲ್ಲಿ ಕಟ್ಟಿದ್ದರು. ಕಥಾನಾಯಕ ಜೂಡಾ ಬೆನ್‌ಹರ್‌ನ ರಥ ಮುರಿದ ರಥದ ಮೇಲೆ ಹಾರಿ, ಸವಾರ ಮುಂದಕ್ಕೆ ಮುಗ್ಗರಿಸುವ ಕ್ಷಣವನ್ನು ಗಮನಿಸಿ. ಅಲ್ಲಿರುವುದು ಜೂಡಾನ ಪಾತ್ರಧಾರಿ ಚಾರ್ಲ್ಟನ್ ಹೆಸ್ಟನ್ ಅಲ್ಲ, ಸಾಹಸ ಕಲಾವಿದ ಜೋ ಕನಟ್. ಯೋಜನೆ ಮೀರಿ ಅವರು ರಥದಿಂದ ಎಗರಿಬಿದ್ದರು, ಗದ್ದಕ್ಕೆ ಗಾಯವಾಯಿತು. ಆ ತುಣುಕನ್ನು ಬಿಸಾಡದೆ, ಹೆಸ್ಟನ್ ಮತ್ತೆ ರಥ ಹತ್ತುವ ಶಾಟ್ ತೆಗೆದು ಜೋಡಿಸಿದರು.

ಓಟಕ್ಕಿಂತ ದೊಡ್ಡ ದೃಶ್ಯ ನಜರೇತಿನ ಬಾವಿಕಟ್ಟೆಯದು. ಯುದ್ಧನೌಕೆಯಲ್ಲಿ ಹುಟ್ಟು ಹಾಕಲು ಗುಲಾಮನಾಗಿ ಒಯ್ಯುತ್ತಿರುವ, ಸಂಕೋಲೆ ತೊಟ್ಟ ಜೂಡಾನಿಗೆ ನೀರು ಕೊಡಕೂಡದೆಂದು ರೋಮನ್ ದಳಪತಿಯ ಅಪ್ಪಣೆ. ಜೂಡಾ ಕುಸಿದು ಬೀಳುತ್ತಾನೆ. ಯಾರದೋ ಕೈ ಅವನ ತಲೆ ಸವರಿ, ನೀರು ಕುಡಿಸುತ್ತದೆ. ದಳಪತಿ ಗದರಿಸಿಕೊಂಡು ಬಂದಾಗ ಆ ವ್ಯಕ್ತಿ ಎದ್ದು ನಿಲ್ಲುತ್ತಾನೆ. ಕ್ಯಾಮೆರಾ ಇರುವುದು ಅವನ ಬೆನ್ನ ಹಿಂದೆ. ನಮಗೆ ಕಾಣುವುದು ದಳಪತಿಯ ಮುಖ ಮಾತ್ರ. ಆ ಒರಟು ಮುಖ ಗಲಿಬಿಲಿಗೊಳ್ಳುತ್ತದೆ, ಅವನು ಹಿಂದೆ ಸರಿಯುತ್ತಾನೆ. ಇಡೀ ಚಿತ್ರದಲ್ಲಿ ಕ್ರಿಸ್ತನ ಮುಖವನ್ನು ವೈಲರ್ ಒಮ್ಮೆಯೂ ತೋರಿಸುವುದಿಲ್ಲ. ಇಷ್ಟೊಂದು ಜನ, ಕುದುರೆ, ಕಟ್ಟಡಗಳನ್ನು ಧಾರಾಳವಾಗಿ ತೋರಿಸಿದ ನಿರ್ದೇಶಕ ಇದೊಂದನ್ನು ಮುಚ್ಚಿಟ್ಟಿರುವುದರಲ್ಲೇ ಚಿತ್ರದ ಭವ್ಯತೆಯಿದೆ. ಕೊನೆಯ ಭಾಗದಲ್ಲಿ ನೀರು ಮತ್ತೆ ಬರುತ್ತದೆ. ಯಾರು ಯಾರಿಗೆ ಕೊಡುತ್ತಾರೆಂಬುದನ್ನು ನೋಡಿಯೇ ತಿಳಿಯಬೇಕು.

ಚಿತ್ರದ ಚೌಕಟ್ಟಿನ ಅಗಲ ಎತ್ತರದ 2.76 ಪಟ್ಟು. ಟಿವಿಯಲ್ಲಿ ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದರೆ ಬರಲಿ, ಪರದೆ ತುಂಬಿಸಲು ಹೋಗಿ ಅಂಚುಗಳನ್ನು ಕತ್ತರಿಸಬಾರದು. ಮೊಬೈಲಂತೂ ಬೇಡವೇ ಬೇಡ. ಮಧ್ಯಂತರದಲ್ಲಿ ನಿಲ್ಲಿಸಿ, ಉಳಿದದ್ದನ್ನು ಮರುದಿನ ನೋಡಿದರೂ ನಷ್ಟವಿಲ್ಲ.

ಇತಿಹಾಸದ ಪಾಠವೆಂದು ಮಾತ್ರ ಇದನ್ನು ನೋಡಬಾರದು. ಚಿತ್ರದಲ್ಲಿ ತೋರಿಸಿದಂತಲ್ಲದೆ, ರೋಮನ್ ಯುದ್ಧನೌಕೆಗಳಲ್ಲಿ ಹುಟ್ಟು ಹಾಕುತ್ತಿದ್ದವರು ಬಹುಮಟ್ಟಿಗೆ ಸ್ವತಂತ್ರ ಆಳುಗಳು, ಸಂಕೋಲೆಯ ಗುಲಾಮರಲ್ಲ. ಕಥೆಯ ಮೂಲ ಲ್ಯೂ ವಾಲೆಸ್ 1880ರಲ್ಲಿ ಪ್ರಕಟಿಸಿದ ಕಾದಂಬರಿ. ಆದರೂ ಹುಟ್ಟು ಹಾಕುವಾಗ ನಗಾರಿಯ ಬಡಿತ ಏರಿದಂತೆ ಜೂಡಾನ ಕಣ್ಣಲ್ಲಿ ಕುದಿಯುವ ಹಟ ಸುಳ್ಳೆನಿಸುವುದಿಲ್ಲ.

ಇದಾದ ಮೇಲೆ ಆಂಥೊನಿ ಮಾನ್ ಅವರ ‘ದಿ ಫಾಲ್ ಆಫ್ ದಿ ರೋಮನ್ ಎಂಪೈರ್’ (1964), ರಿಡ್ಲಿ ಸ್ಕಾಟ್ ಅವರ ‘ಗ್ಲಾಡಿಯೇಟರ್’ (2000) ಎರಡನ್ನೂ ಜೋಡಿಯಾಗಿ ನೋಡಬೇಕು. ಎರಡರಲ್ಲೂ ಇರುವುದು ಮಾರ್ಕಸ್ ಆರೇಲಿಯಸ್ ಮತ್ತು ಮಗ ಕೊಮೊಡಸ್‌ನ ಕಾಲ. ಮಾನ್ ರೋಮ್‌ನ ಫೋರಂ ಅನ್ನು ಸ್ಪೇನಿನಲ್ಲಿ ಇಡಿಯಾಗಿ ಕಟ್ಟಿಸಿದರು; ಸ್ಕಾಟ್ ಮಾಲ್ಟಾದಲ್ಲಿ ಕೊಲೊಸಿಯಂನ ಒಂದು ಭಾಗ ಕಟ್ಟಿ, ಮಿಕ್ಕದ್ದನ್ನು ಕಂಪ್ಯೂಟರ್‌ನಲ್ಲಿ ಮೂಡಿಸಿದರು.